ಎದುರಿನ ಸೂರು

ಜನವರಿ ೮

ಪ್ರೀತಿಯ ಅಪ್ಪ,

ಸ್ಟೋರಿನ ಲಾರಿಯಲ್ಲಿ ಈ ಕಾಗದದ ಜೊತೆ ಒಂದು ಡಬ್ಬಿ ಬರುತ್ತದೆ. ಹೆದರಬೇಡ, ತಿಂಡಿಯಲ್ಲ. ಕಳೆದ ಸಲ ನಾನು ಮಾಡಿ ಕಳಿಸಿದ ಬಿಸ್ಕತ್ತಿಗೆ ನಿನ್ನ ಹಲ್ಲು ಅಲ್ಲಾಡಿದ್ದನ್ನು ನಾನಿನ್ನೂ ಮರೆತಿಲ್ಲ. ಡಬ್ಬಿಯಲ್ಲಿರುವುದು ಟಾರ್ಚು. ಹೊಸ ಮಾದರಿ, ಬಹಳ ದೂರಕ್ಕೆ ಬೆಳಕು ಬೀರುತ್ತದಂತೆ. ಗಣಿಯ ಎಲ್ಲ ಹಜಾರಗಳಿಂದ ಹಳೆಯ ಟಾರ್ಚು ತೆಗೆದು ಇದನ್ನು ಕೊಡಿಸಬೇಕೋ ಬೇಡವೋ ಎಂದು ಬರೆದುಕೊಡುವ ಕೆಲಸ ನಮ್ಮ ಖರೀದಿ ವಿಭಾಗದಲ್ಲೆಲ್ಲ ಸುತ್ತಾಡಿ ಕೊನೆಗೆ ನನ್ನ ಮೇಜಿಗೆ ಬಂದು ಕೂತಿದೆ. ನಮ್ಮ ಸಾಹೇಬರಿಗೆ ಹೊಸದೆಂದರೆ ಅಷ್ಟಕ್ಕಷ್ಟೇ. "ಹಳೇದು ಉರೀತಾ ಇದೆಯಲ್ಲಮ್ಮ, ಮತ್ತೇನು?" ಎನ್ನುತ್ತಾರೆ. ಕಾಡಿಬೇಡಿದ ಮೇಲೆ ಪರೀಕ್ಷೆಗೆಂದು ಒಂದೇ ಒಂದು ತರಿಸಲು ಒಪ್ಪಿದರು. ಸೂರು ನೋಡುವ ಕೆಲಸದಲ್ಲಿ ನಿನಗಿಂತ ಹಳಬರು ಯಾರಿದ್ದಾರೆ? ಅದಕ್ಕೇ ನಿನಗೆ ಕಳಿಸುತ್ತಿದ್ದೇನೆ. ಬದಲಾಯಿಸುವಷ್ಟು ಯೋಗ್ಯತೆ ಅದಕ್ಕೆ ಇದೆಯೋ ಇಲ್ಲವೋ, ಮುಖದಾಕ್ಷಿಣ್ಯ ಬಿಟ್ಟು ಬರೆ.

ಇನ್ನೊಂದು ಮಾತು, ಸಿಟ್ಟಾಗಬೇಡ. ಒಂದು ವಾರ ನೀನು, ಒಂದು ವಾರ ಎದುರಿನ ಜಗಲಿಯಲ್ಲಿ ಮಾವ, ಹೀಗೆ ಸರದಿಯಲ್ಲಿ ಬಳಸಿದರೆ ಇಬ್ಬರ ಅಭಿಪ್ರಾಯವೂ ಸಿಗುತ್ತದೆ. ಅಮ್ಮ ಹೋದಾಗಿನಿಂದ ನೀವಿಬ್ಬರೂ ಮಾತು ಬಿಟ್ಟಿದ್ದೀರಿ, ಗೊತ್ತು. ಟಾರ್ಚು ಕೈ ಬದಲಾಯಿಸಲು ಮಾತೇನೂ ಬೇಕಾಗಿಲ್ಲ.

ಫೋನು ಮಾಡಬಹುದಿತ್ತು. ಆದರೆ ಸಿಡಿಮದ್ದಿನ ಸದ್ದಿಗೆ ನಿನ್ನ ಕಿವಿ ಮಂದವಾದ ಮೇಲೆ ನಾನು ಕೂಗುವುದು, ನೀನು "ಆಂ?" ಅನ್ನುವುದು, ನಡುವೆ ಇಡೀ ಆಫೀಸು ನಗುವುದು. ಕಾಗದವೇ ವಾಸಿ.

ನಿನ್ನ ಮಗಳು

*

ಜನವರಿ ೧೭

ಮಗಳಿಗೆ ಆಶೀರ್ವಾದ.

ಟಾರ್ಚು ತಲುಪಿತು. ಮೊದಲು ದೂರುಗಳನ್ನು ಹೇಳಿಬಿಡುತ್ತೇನೆ. ಭಾರ ಜಾಸ್ತಿ. ಹಿಡಿ ನುಣುಪು, ಬೆವರಿದ ಕೈಯಲ್ಲಿ ಜಾರುತ್ತದೆ. ಬೆಳಕು ಕೋಲಿನ ಹಾಗೆ ನೆಟ್ಟಗೆ ಹೋಗುತ್ತದೆಯೇ ಹೊರತು ಅಕ್ಕಪಕ್ಕ ಹರಡುವುದಿಲ್ಲ. ಜಗಲಿಗೆ ಹತ್ತುವ ಮೆಟ್ಟಿಲಲ್ಲಿ ನನ್ನ ಕಾಲು ನನಗೇ ಕಾಣದೆ ಎರಡು ಸಲ ಎಡವಿದೆ. ಹಳೆಯದರಲ್ಲಿ ಕಾಲ ಕೆಳಗೆ ಬಿದ್ದ ಅಂಗಿಯ ಗುಂಡಿಯನ್ನೂ ಹುಡುಕಬಹುದಿತ್ತು.

ಇನ್ನು ದೂರದ ವಿಷಯ. ನಿನ್ನ ಸಾಹೇಬರು ಗಣಿಯೊಳಗೆ ಕಾಲಿಟ್ಟವರಲ್ಲ, ಇದನ್ನು ಅವರಿಗೆ ಓದಿ ಹೇಳು. ಹಜಾರವೆಂದರೆ ಉಪ್ಪು ಕಡಿದು ಕಡಿದು ನೆಲದಡಿಯಲ್ಲಿ ಆದ ದೊಡ್ಡ ಪೊಳ್ಳು. ಅದರ ಗೋಡೆಗಳಲ್ಲಿ ಎದುರುಬದುರಾಗಿ, ಎತ್ತರದಲ್ಲಿ, ಒಂದೊಂದು ಜಗಲಿ. ನಮ್ಮ ನೆತ್ತಿಯ ಮೇಲೆ ಬಂಡೆ ತುಟಿಯ ಹಾಗೆ ಚಾಚಿಕೊಂಡಿರುವುದರಿಂದ ನಮ್ಮ ಕಡೆಯ ಸೂರು ನಮಗೆ ಕಾಣುವುದಿಲ್ಲ. ನನ್ನ ಕಡೆಯದನ್ನು ಎದುರಿನವನು ನೋಡಬೇಕು, ಅವನ ಕಡೆಯದನ್ನು ನಾನು. ಎಲ್ಲ ಸರಿಯಿದ್ದರೆ ಟಾರ್ಚನ್ನು ಎರಡು ಸಲ ಮಿಟುಕಿಸುತ್ತೇವೆ. ಎರಡೂ ಕಡೆ ಮಿಟುಕಿಸಿದ ಮೇಲೆಯೇ ಉಪ್ಪು ಕಡಿಯುವವರು ಒಳಗೆ ಬರುವುದು. ಆರಿಸದೆ ಒಂದೇ ಸಮನೆ ಬೆಳಕು ಹಿಡಿದರೆ ಅಪಾಯವೆಂದು ಅರ್ಥ. ಗಂಟೆ ಹೊಡೆದು ಎಲ್ಲರನ್ನೂ ಹೊರಗೆ ಕಳಿಸಬೇಕು.

ಈ ಟಾರ್ಚಿನಲ್ಲಿ ಎದುರಿನ ಸೂರನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದೆ. ಎಷ್ಟೋ ವರ್ಷದಿಂದ ಅದನ್ನು ನಾನು ಅಷ್ಟು ಸರಿಯಾಗಿ ನೋಡಿಯೇ ಇರಲಿಲ್ಲ ಎಂದು ಆಗ ತಿಳಿಯಿತು. ನಿನ್ನ ಮಾವನೂ ಕಂಡ. ತಲೆ ಪೂರ್ತಿ ಬೆಳ್ಳಗಾಗಿದೆ. ದಿನವೂ ಎದುರು ಕೂತರೂ ಅದು ಗೊತ್ತಿರಲಿಲ್ಲ.

ಸರದಿಯ ಮಾತು ಬಿಡು. ಅವನಿಗೆ ಟಾರ್ಚು ಬೇಕಿದ್ದರೆ ಬಂದು ಕೇಳಲಿ. ನಿಮ್ಮಮ್ಮನ ಕಾಯಿಲೆ ಕೈ ಮೀರಿದಾಗ ಆಸ್ಪತ್ರೆಯ ಬಾಗಿಲಲ್ಲಿ, ಅಷ್ಟು ಜನರ ಎದುರು, "ಪಕ್ಕದಲ್ಲೇ ಇದ್ದೂ ನಿಮಗೆ ಕಾಣಲಿಲ್ವಾ ಭಾವ?" ಎಂದು ಕೇಳಿದ ಬಾಯಿ ಅದು. ನನ್ನಿಂದ ಮೊದಲ ಮಾತು ಹೊರಡುವುದಿಲ್ಲ.

ಉಳಿದಂತೆ ಆರೋಗ್ಯ. ಫ್ಲಾಸ್ಕಿನ ಟೀ ಯಾಕೋ ಉಪ್ಪುಪ್ಪಾಗುತ್ತಿದೆ. ತೊಳೆಯುವುದು ಸಾಲದೇನೋ.

ನಿನ್ನ ಅಪ್ಪ

*

ಫೆಬ್ರವರಿ ೧೧

ಮಗಳೇ,

ನಿನ್ನ ಟಾರ್ಚಿಗೆ ಒಂದು ಸರ್ಟಿಫಿಕೇಟು ಕೊಡುವ ಕಾಲ ಬಂದಿದೆ. ಸಂತೋಷದಿಂದ ಬರೆಯುತ್ತಿಲ್ಲ. ನಿನ್ನ ಮಾವನ ಜಗಲಿಯ ಮೇಲಿನ ಸೂರಿನಲ್ಲಿ ಬಿರುಕು ಇದೆ. ಮೊದಲ ದಿನ ನೆರಳೆಂದುಕೊಂಡೆ. ದಿನಾ ಒಂದೇ ಜಾಗಕ್ಕೆ ಬೆಳಕು ಬಿಟ್ಟು ನೋಡಿದೆ, ಉದ್ದವಾಗುತ್ತಿದೆ. ಹಳೆಯ ಟಾರ್ಚಾಗಿದ್ದರೆ ನನಗೆ ಇದು ಕಾಣುತ್ತಲೇ ಇರಲಿಲ್ಲ.

ಮೇಸ್ತ್ರಿಗೆ ಹೇಳಿದೆ. ಮೇಲಿನವರು ಬಂದರು, ಕತ್ತು ಎತ್ತಿ ನೋಡಿದರು, ತಲೆ ಅಲ್ಲಾಡಿಸಿದರು. ಉಪ್ಪು ಕಡಿಯುವವರನ್ನೆಲ್ಲ ಆ ಕಡೆಯಿಂದ ಬಿಡಿಸಿ ನನ್ನ ಕಡೆಗೆ ಹಾಕಿದ್ದಾರೆ. ಇಲ್ಲಿನ ಸೂರು ಗಟ್ಟಿಯಂತೆ. ಎದುರಿನಿಂದ ದಿನವೂ ತಪ್ಪದೆ ಎರಡು ಮಿಟುಕು ಬರುತ್ತಿದೆಯಲ್ಲ. ಹಜಾರಕ್ಕೆ ಇರುವುದು ಒಂದೇ ಗಂಟೆ. ಅದನ್ನೂ ತಂದು ನನ್ನ ಜಗಲಿಗೆ ಕಟ್ಟಿದರು. ಕೆಳಗೆ ಸಂತೆಯ ಹಾಗೆ ಗದ್ದಲ.

ಆದರೆ ನಿನ್ನ ಮಾವ ಅಲ್ಲೇ ಇದ್ದಾನೆ. ಈ ಕಡೆಯ ಸೂರು ನೋಡಲು ಆ ಕಡೆ ಒಬ್ಬ ಬೇಕೇ ಬೇಕಂತೆ. ಬಿರುಕಿನ ಕೆಳಗೆ ಕಾಲು ಚಾಚಿಕೊಂಡು ಕೂತಿರುತ್ತಾನೆ, ಭಂಡ. ಮಾತು ಬಿಟ್ಟಿದ್ದೇನೆಯೇ ಹೊರತು ಅವನು ಸಾಯಲಿ ಎಂದುಕೊಂಡವನಲ್ಲ. ನೀನೊಂದು ಕಾಗದ ಬರೆದು ಎಚ್ಚರ ಹೇಳು. ನಾನು ಹೇಳಿಸಿದೆ ಎನ್ನಬೇಡ.

ಟೀ ಈಗ ಬಾಯಿಗಿಡಲು ಆಗುವುದಿಲ್ಲ. ಹೊಸ ಫ್ಲಾಸ್ಕು ತಂದೆ, ಅದರಲ್ಲೂ ಹಾಗೇ. ಲೋಟಕ್ಕೆ ಬಗ್ಗಿಸಿ ಒಂದು ಗಳಿಗೆ ಇಟ್ಟರೆ ಸಾಕು, ಕೆನೆಯ ಮೇಲೆ ಸಣ್ಣ ಹರಳು ಕೂತಿರುತ್ತವೆ. ಉಪ್ಪಿನ ಗಣಿಯಲ್ಲಿ ಸಕ್ಕರೆ ಉದುರುತ್ತದೆಯೇ ಎಂದು ಮೇಸ್ತ್ರಿ ನಕ್ಕ. ನಾನೂ ನಕ್ಕೆ.

ನಿನ್ನ ಅಪ್ಪ

*

ಫೆಬ್ರವರಿ ೧೫

ಮಾವನಿಗೆ ನಮಸ್ಕಾರಗಳು.

ನಿಮ್ಮ ತಲೆಯ ಮೇಲಿನ ಸೂರು ಬಿರುಕು ಬಿಟ್ಟಿದೆ ಎಂದು ತಿಳಿಯಿತು. ಯಾರು ಹೇಳಿದರೆಂದು ಕೇಳಬೇಡಿ. ಟೋಪಿ ತೆಗೆಯಬೇಡಿ, ಊಟದ ಹೊತ್ತಿನಲ್ಲಾದರೂ ಜಗಲಿ ಬಿಟ್ಟು ಹೊರಗೆ ಬನ್ನಿ. ನಿಮ್ಮನ್ನು ಬೇರೆ ಕೆಲಸಕ್ಕೆ ಹಾಕಲು ನಮ್ಮ ಆಫೀಸಿನಿಂದ ಹೇಳಿಸಲು ಓಡಾಡುತ್ತಿದ್ದೇನೆ.

ಒಂದು ವಿಷಯ ಮನಸ್ಸು ಕೊರೆಯುತ್ತಿದೆ. ಅಪ್ಪನ ಕಡೆಯ ಸೂರು ಹೇಗಿದೆ? ಅದು ಕಾಣುವುದು ನಿಮಗೊಬ್ಬರಿಗೇ. ಅಪ್ಪನ ಮೇಲಿನ ಸಿಟ್ಟನ್ನು ಪಕ್ಕಕ್ಕಿಟ್ಟು ನನಗಾಗಿ ಬರೆಯಿರಿ.

ನಿಮ್ಮ ಗುಬ್ಬಿ

*

ಫೆಬ್ರವರಿ ೨೨

ಗುಬ್ಬಿಗೆ,

ಎಷ್ಟು ವರ್ಷಕ್ಕೆ ನೆನಪಾಯಿತು ಮಾವನ ವಿಳಾಸ! ಕಾಗದ ಕಂಡು ನಿಮ್ಮತ್ತೆ ಗಾಬರಿಯಾಗಿ, ಮದುವೆಯೇನಾದರೂ ಗೊತ್ತಾಯಿತೇ ಎಂದಳು. ಗಣಿಯ ಸೂರಿನ ವಿಷಯ ಎಂದಾಗ ಅವಳ ಮುಖ ನೋಡಬೇಕಿತ್ತು.

ನನ್ನ ಚಿಂತೆ ಬಿಡು. ಬಿರುಕು ಯಾರ ಕಣ್ಣಿಗೆ ಬಿತ್ತೆಂದು ನನಗೆ ಗೊತ್ತಿಲ್ಲವೇ? ದಿನವಿಡೀ ನನ್ನ ಮೇಲೆ ಆ ಹೊಸ ಬೆಳಕು ಓಡಾಡುತ್ತಿರುತ್ತದೆ. ಕಣ್ಣಿಗೆ ಹೊಡೆಯುತ್ತದೆ, ಬೇಕೆಂದೇ ಹೊಡೆಯುತ್ತಾರೆ.

ನಿಮ್ಮಪ್ಪನ ಕಡೆಯ ಸೂರು ಚೆನ್ನಾಗಿದೆ. ಒಂದು ಗೀರಿಲ್ಲ, ಒಂದು ನೆರಳಿಲ್ಲ. ಬೆಣ್ಣೆ ಸವರಿದ ಹಾಗೆ ನುಣ್ಣಗಿದೆ. ಅದನ್ನು ನೋಡಲು ನನಗೆ ನನ್ನ ಹಳೆಯ ಟಾರ್ಚೇ ಸಾಕು, ಯಾರ ಹಂಗೂ ಬೇಡ. ನೀನು ನಿಶ್ಚಿಂತೆಯಿಂದ ಮಲಗು.

ಮಾವ

*

ಮಾರ್ಚ್ ೨

ಪ್ರೀತಿಯ ಅಪ್ಪ,

ಮಾವನಿಂದ ಉತ್ತರ ಬಂತು. ನಿನ್ನ ಸೂರು ಬೆಣ್ಣೆಯ ಹಾಗಿದೆಯಂತೆ. ಓದಿ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ನನಗೆ ಉಳಿದಿರುವವನು ನೀನೊಬ್ಬ ಎಂದು ನಿನಗೆ ಎಂದೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

ಸಾಹೇಬರು ಮಾವನ ಕಾಗದದ ಆ ಸಾಲನ್ನೇ ಹಿಡಿದುಕೊಂಡಿದ್ದಾರೆ. ಹಳೆಯ ಟಾರ್ಚಿನಲ್ಲಿ ಇಷ್ಟು ಚೆನ್ನಾಗಿ ಕಾಣುತ್ತದೆಂದು ನೋಡುವವರೇ ಬರೆದಿರುವಾಗ ಹೊಸದೇಕೆ ಎಂದು ಕೇಳುತ್ತಾರೆ. ಒಬ್ಬರಿಗೆ ಹೊಸದು ಬೇಕೇಬೇಕು, ಇನ್ನೊಬ್ಬರಿಗೆ ಹಳೆಯದೇ ಸಾಕು; ಇದರಲ್ಲಿ ನಾನು ಏನೆಂದು ಬರೆಯಲಿ? ಗೋದಾಮಿನಲ್ಲಿ ಒಂದು ಹಳೆಯ ಟಾರ್ಚಿದೆ. ಹೊಸ ಮಾದರಿ ಮಾರುವವರ ಅಂಗಡಿಯಿಂದ ಒಂದು ಮಧ್ಯಾಹ್ನದ ಮಟ್ಟಿಗೆ ಇನ್ನೊಂದನ್ನು ಕಡ ಕೇಳಿದ್ದೇನೆ. ನಾನೇ ಎರಡನ್ನೂ ಹಿಡಿದು ನೋಡುತ್ತೇನೆ.

ಟೀ ಕುಡಿಯುವುದನ್ನೇ ಬಿಟ್ಟೆಯಂತೆ, ಲಾರಿ ಡ್ರೈವರ್ ಹೇಳಿದ. ಬಿಡಬೇಡ, ಮುಚ್ಚಳ ಹಾಕಿಡು.

ನಿನ್ನ ಮಗಳು

*

ಮಾರ್ಚ್ ೫

ಅಪ್ಪನಿಗೆ, ಮಾವನಿಗೆ. ಇದೇ ಕಾಗದದ ಎರಡು ಪ್ರತಿ ಇಬ್ಬರಿಗೂ ಕಳಿಸುತ್ತಿದ್ದೇನೆ. ಓದಿದ ತಕ್ಷಣ ಹೇಳಿದ ಹಾಗೆ ಮಾಡಿ.

ಕಿಟಕಿಯಿಲ್ಲದ ಉದ್ದನೆಯ ಗೋದಾಮಿನಲ್ಲಿ ಇಂದು ಎರಡೂ ಟಾರ್ಚು ಹಿಡಿದು ನೋಡಿದೆ. ಕೊನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ವಕ್ರ ಗೆರೆ ಎಳೆಯಲು ಗೋದಾಮಿನವರಿಗೆ ಹೇಳಿದ್ದೆ. ಎಲ್ಲಿ ಎಳೆದಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಮೊದಲು ಹಳೆಯದನ್ನು ಹಚ್ಚಿದೆ. ಗೋಡೆ ಮಂಕಾಗಿ ಕಂಡಿತು. ಗೀರಿಲ್ಲ, ನೆರಳಿಲ್ಲ, ಎಲ್ಲ ಒಂದೇ ಬಣ್ಣ, ನುಣ್ಣಗೆ. ಅವರು ಗೆರೆ ಎಳೆಯುವುದನ್ನೇ ಮರೆತಿದ್ದಾರೆಂದುಕೊಂಡೆ. ಆಮೇಲೆ ಹೊಸದನ್ನು ಹಚ್ಚಿದೆ. ಗೆರೆ ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೂ ಇತ್ತು, ನನ್ನ ಅಂಗೈಯಷ್ಟು ದಪ್ಪ.

ಮಾವ, ನೀವು ಬರೆದ ಬೆಣ್ಣೆ ಅದೇ. ಏನೂ ಕಾಣದಿದ್ದರೆ ಎಲ್ಲವೂ ನುಣ್ಣಗೇ ಇರುತ್ತದೆ. ವಾಪಸು ಓಡಿ ಬಂದು ನಿಮ್ಮ ಹಜಾರದ ನಕ್ಷೆ ತೆಗೆದೆ. ಈ ಗೋದಾಮಿನ ಉದ್ದಕ್ಕಿಂತ ಅದರ ಅಗಲವೇ ಜಾಸ್ತಿ. ನೀವಿಬ್ಬರೂ ಕೆಲಸಕ್ಕೆ ಸೇರಿದಾಗ ಅಷ್ಟಿರಲಿಲ್ಲ. ಕಡಿಯುತ್ತಾ ಕಡಿಯುತ್ತಾ ಗೋಡೆಗಳು ಹಿಂದೆ ಸರಿದಿವೆ, ಜಗಲಿಗಳೂ ಸರಿದಿವೆ, ಟಾರ್ಚು ಮಾತ್ರ ಅದೇ. ದಿನಕ್ಕೆ ಒಂದಿಷ್ಟೇ ಸರಿದದ್ದರಿಂದ ಯಾರಿಗೂ ಗೊತ್ತಾಗಿಲ್ಲ.

ಅಪ್ಪನ ತಲೆಯ ಮೇಲೆ ಏನಿದೆಯೆಂದು ಈಗ ಯಾರಿಗೂ ಗೊತ್ತಿಲ್ಲ. ಉಪ್ಪು ಕಡಿಯುವವರೆಲ್ಲ ಅದರ ಕೆಳಗೇ ಇದ್ದಾರೆ. ಅಪ್ಪ, ಆ ಹರಳುಗಳು ಟೀಗೆ ಎಲ್ಲಿಂದ ಬೀಳುತ್ತಿವೆ? ಹೊಸ ಟಾರ್ಚನ್ನು ಮಾವನಿಗೆ ಕೊಡು. ನನ್ನಾಣೆ. ಮೊದಲ ಮಾತು ಆಡಲಾರೆಯಾದರೆ ಆಡಬೇಡ, ಕೊಡು ಅಷ್ಟೇ.

ನಿಮ್ಮಿಬ್ಬರ ಗುಬ್ಬಿ

*

ಮಾರ್ಚ್ ೮

ಮಗಳೇ,

ಕಾಗದ ಸಿಕ್ಕಿತು. ಆಣೆ ಹಾಕುವ ಅಭ್ಯಾಸ ನಿನಗೆ ನಿಮ್ಮಮ್ಮನಿಂದ ಬಂದದ್ದು. ಟಾರ್ಚನ್ನು ನನ್ನ ಟವೆಲಿನಲ್ಲಿ ಸುತ್ತಿ ದೀಪದ ಕೋಣೆಯಲ್ಲಿ ಅವನ ಗೂಡಿನೊಳಗೆ ಇಟ್ಟು ಬಂದಿದ್ದೇನೆ. ನಾಳೆ ಬೆಳಗಿನ ಪಾಳಿಗೆ ಅವನು ನೋಡುತ್ತಾನೆ. ಮೇಸ್ತ್ರಿಗೂ ಹೇಳಿದೆ. ಅವನು, ಬಿರುಕಿರುವುದು ಆ ಕಡೆ ಎಂದು ನೀವೇ ಅಲ್ಲವೇ ಹೇಳಿದ್ದು, ಈಗ ಈ ಕಡೆ ಎನ್ನುತ್ತೀರಿ ಎಂದು ಮುಖ ತಿರುಗಿಸಿದ.

ಹಳೆಯ ಟಾರ್ಚು ಕೈಗೆ ಬಂದದ್ದು ಹಳೆಯ ಚಪ್ಪಲಿ ಮೆಟ್ಟಿದ ಹಾಗಿದೆ. ಮೆಟ್ಟಿಲು, ಕಾಲು, ಫ್ಲಾಸ್ಕು, ಎಲ್ಲ ಚೆನ್ನಾಗಿ ಕಾಣುತ್ತದೆ. ಇಂದು ಪಾಳಿ ಮುಗಿದ ಮೇಲೆ ಜಗಲಿಯ ನೆಲವನ್ನೂ ನೋಡಿದೆ. ನಾನು ಕೂರುವ ಜಾಗ ಬಿಟ್ಟು ಸುತ್ತಲೂ ಬಿಳಿ ಪುಡಿ ಬಿದ್ದಿದೆ, ಹಿಟ್ಟು ಜರಡಿ ಹಿಡಿದ ಹಾಗೆ. ಇಷ್ಟು ದಿನ ದೂರ ನೋಡುವ ಭರದಲ್ಲಿ ಇದನ್ನು ನೋಡಿರಲಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಬೇರೆ ಯಾರಿಗೂ ಹೇಳಿಲ್ಲ.

ನಿನ್ನ ಅಪ್ಪ

*

ಮಾರ್ಚ್ ೧೦

ಗುಬ್ಬಿ,

ಮೊದಲು ಕೇಳಿಕೋ: ನಿಮ್ಮಪ್ಪ ಬದುಕಿದ್ದಾರೆ. ಈಗ ನಮ್ಮ ಮನೆಯಲ್ಲೇ ಮಲಗಿದ್ದಾರೆ, ನಿಮ್ಮತ್ತೆ ಗಂಜಿ ಕುಡಿಸಿದ್ದಾಳೆ. ಇನ್ನು ಉಳಿದದ್ದನ್ನು ಓದು.

ನಿನ್ನೆ ಟವೆಲು ಬಿಚ್ಚಿ ಟಾರ್ಚು ತೆಗೆದುಕೊಂಡು ಜಗಲಿ ಹತ್ತಿದೆ. ಎಂದಿನಂತೆ ನಿಮ್ಮಪ್ಪ ಆಗಲೇ ಆ ಕಡೆ ಕೂತಿದ್ದರು. ಕಡಿಯುವವರನ್ನು ಮೇಸ್ತ್ರಿ ನನ್ನ ಮಿಟುಕಿಗೂ ಕಾಯದೆ ಒಳಗೆ ಬಿಟ್ಟಿದ್ದ. ಅಷ್ಟು ವರ್ಷ ತಪ್ಪದೆ ಮಿಟುಕಿಸಿದ ನನ್ನ ಮೇಲೆ ಅವನಿಗೆ ಅಷ್ಟು ನಂಬಿಕೆ. ನಾನು ಬೆಳಕು ಮೇಲಕ್ಕೆತ್ತಿದೆ. ನಿಮ್ಮಪ್ಪನ ನೆತ್ತಿಯ ಮೇಲೆ ಸೂರು ಅಡ್ಡಕ್ಕೂ ಉದ್ದಕ್ಕೂ ಬಿರಿದಿತ್ತು. ಒಂದು ಕಡೆ ಕೋಣೆಯಷ್ಟು ದೊಡ್ಡ ಚಕ್ಕೆ ಬೇರ್ಪಟ್ಟು, ಯಾವುದಕ್ಕೆ ಅಂಟಿಕೊಂಡಿದೆಯೋ ತಿಳಿಯದ ಹಾಗೆ ನಿಂತಿತ್ತು. ನನ್ನ ಮೇಲಿನ ಬಿರುಕು ಅದರ ಮುಂದೆ ಏನೂ ಅಲ್ಲವಂತೆ, ಆಮೇಲೆ ನಿಮ್ಮಪ್ಪ ಹೇಳಿದರು.

ಅಪಾಯಕ್ಕೆ ಹಿಡಿಯುವ ಹಾಗೆ ಬೆಳಕನ್ನು ಒಂದೇ ಸಮನೆ ಹಿಡಿದೆ. ನಿಮ್ಮಪ್ಪ ಹಳೆಯ ಟಾರ್ಚಿನಿಂದ ಎರಡು ಸಲ ಮಿಟುಕಿಸಿದರು. ನಾನು ಇನ್ನೂ ಸೂರು ಹುಡುಕುತ್ತಲೇ ಇದ್ದೇನೆಂದು ತಿಳಿದು, ಮುಗಿಯಿತೇ ಎಂದು ಕೇಳಿದ್ದಂತೆ. ಗಂಟೆ ಅವರ ಕಡೆ ಇತ್ತು. ಕೂಗಿದರೆ ಅವರಿಗೆ ಕೇಳುವುದಿಲ್ಲ, ಕಡಿಯುವ ಗದ್ದಲದಲ್ಲಿ ಕೆಳಗಿನವರಿಗೂ ಕೇಳುವುದಿಲ್ಲ. ಟಾರ್ಚನ್ನು ಕಲ್ಲಿಗೆ ಆನಿಸಿ, ಬೆಳಕು ಬಿರುಕಿನ ಮೇಲೆಯೇ ಇರುವಂತೆ ಇಟ್ಟು, ಸುತ್ತುದಾರಿಯಲ್ಲಿ ಕತ್ತಲಲ್ಲೇ ಗೋಡೆ ತಡವಿಕೊಂಡು ಓಡಿದೆ. ಅಷ್ಟು ಉದ್ದದ ದಾರಿ ನಾನು ಜನ್ಮದಲ್ಲಿ ನಡೆದಿಲ್ಲ.

ನನ್ನನ್ನು ಕಂಡು ನಿಮ್ಮಪ್ಪ ಎದ್ದು ನಿಂತು ಬೈಯತೊಡಗಿದರು. ಜಾಗ ಬಿಟ್ಟು ಬಂದೆ, ಬುದ್ಧಿ ಇದೆಯೇ ಎಂದು. ಅವರ ಕಿವಿಗೆ ಬಾಯಿಟ್ಟೆ.

"ಭಾವ, ಗಂಟೆ ಹೊಡೀರಿ."

ಹೊಡೆದರು. ಕೆಳಗಿನವರೆಲ್ಲ ಸಲಿಕೆ ಬಿಸಾಕಿ ಓಡಿದರು, ನಾವು ಕೊನೆಗೆ ಇಳಿದೆವು. ಹಜಾರದ ಬಾಯಲ್ಲಿ ನಿಂತು ತಿರುಗಿ ನೋಡಿದೆವು. ನನ್ನ ಜಗಲಿಯಿಂದ ಆ ಬೆಳಕು ಇನ್ನೂ ನೆಟ್ಟಗೆ ಬರುತ್ತಿತ್ತು. ಅದರಲ್ಲಿ ಉಪ್ಪು ಉದುರುವುದು ಕಾಣುತ್ತಿತ್ತು, ಮೊದಲು ಪುಡಿ, ಆಮೇಲೆ ಹೆಂಟೆ. ಆಮೇಲೆ ಗಾಳಿ ಬಂದು ನಮ್ಮನ್ನು ಕೆಡವಿತು. ಎದ್ದಾಗ ಬೆಳಕು ಇರಲಿಲ್ಲ. ಎರಡು ಜಗಲಿಯೂ ಇಲ್ಲ.

ಗುಬ್ಬಿ, ನನಗೆ ಆ ಸೂರು ಸರಿಯಾಗಿ ಕಾಣದೆ ಎಷ್ಟೋ ಕಾಲವಾಗಿತ್ತು. ನನ್ನ ಕಣ್ಣೇ ಮಂದವಾಗಿದೆ ಎಂದುಕೊಂಡಿದ್ದೆ. ಹೇಳಿದರೆ ಕೆಲಸದಿಂದ ತೆಗೆಯುತ್ತಾರೆ, ನಿಮ್ಮಪ್ಪ ನಗುತ್ತಾರೆ. ಅದಕ್ಕೆ ಮಿಟುಕಿಸುತ್ತಾ ಬಂದೆ. ಆಸ್ಪತ್ರೆಯ ಬಾಗಿಲಲ್ಲಿ ನಾನು ಅವರನ್ನು ಕೇಳಿದ ಮಾತು ರಾತ್ರಿಯೆಲ್ಲ ನನ್ನ ಕಿವಿಯಲ್ಲೇ ಇತ್ತು.

ಮಾವ

*

ಮಾರ್ಚ್ ೧೯

ಅಪ್ಪ, ಮಾವ,

ಬದಲಾಯಿಸಲೇಬೇಕು, ಎಲ್ಲ ಹಜಾರಗಳಲ್ಲೂ, ಇಂದೇ ಎಂದು ಬರೆದುಕೊಟ್ಟೆ. ಸಾಹೇಬರು ಓದಿ, ಪರೀಕ್ಷೆಗೆ ಕೊಟ್ಟ ಮಾದರಿ ಎಲ್ಲಿ ಎಂದು ಕೇಳಿದರು. ಉಪ್ಪಿನ ಕೆಳಗಿದೆ ಎಂದೆ. ಮಾದರಿ ವಾಪಸು ಬಾರದೆ ಪರೀಕ್ಷೆ ಮುಗಿದ ಹಾಗಾಗುವುದಿಲ್ಲವಂತೆ, ಇನ್ನೊಂದು ತರಿಸಿ ಮೊದಲಿಂದ ಶುರು ಮಾಡಬೇಕಂತೆ. ಯಾರೂ ಸಾಯಲಿಲ್ಲವಲ್ಲ, ಅವಸರವೇನು ಎಂದರು. ಅವರ ಮೇಜಿನ ಮೇಲಿದ್ದ ಗಾಜಿನ ಲೋಟ ತೆಗೆದು ನೆಲಕ್ಕೆ ಅಪ್ಪಳಿಸಿದೆ. ಕೆಲಸ ಹೋದರೆ ಹೋಗಲಿ. ದೊಡ್ಡ ಸಾಹೇಬರ ಬಾಗಿಲಲ್ಲಿ ನಾಳೆಯಿಂದ ಕೂರುತ್ತೇನೆ.

ನಿಮ್ಮಿಬ್ಬರನ್ನೂ ಇನ್ನೊಂದು ಹಜಾರಕ್ಕೆ ಹಾಕಿದ್ದಾರೆಂದು ತಿಳಿಯಿತು. ಅದು ಇನ್ನೂ ಅಗಲ. ಹಳೆಯ ಟಾರ್ಚೇ. ದಯವಿಟ್ಟು ಹೋಗಬೇಡಿ. ಕಾಲು ನೋವು ಎನ್ನಿ, ಜ್ವರ ಎನ್ನಿ.

ಗುಬ್ಬಿ

*

ಮಾರ್ಚ್ ೨೭

ಮಗಳೇ,

ನಾವು ಹೋಗದಿದ್ದರೆ ಬೇರೆ ಇಬ್ಬರು ಹೋಗುತ್ತಾರೆ. ಅವರು ಮಿಟುಕಿಸುತ್ತಾರೆ. ಅವರ ಮಿಟುಕನ್ನು ನಂಬಿ ಕೆಳಗೆ ಜನ ಬರುತ್ತಾರೆ. ಅದಕ್ಕೇ ನಾನೂ ನಿನ್ನ ಮಾವನೂ ಹೊಸ ಹಜಾರದ ಜಗಲಿ ಹತ್ತಿದೆವು, ಅವನು ಆ ಕಡೆ, ನಾನು ಈ ಕಡೆ. ಮೊದಲ ದಿನ ಟಾರ್ಚು ಎತ್ತಿ ನೋಡಿದೆ. ಎದುರಿನ ಸೂರು ಬೆಣ್ಣೆಯ ಹಾಗಿತ್ತು.

ನಾನು ಮಿಟುಕಿಸಲಿಲ್ಲ. ಅವನೂ ಮಿಟುಕಿಸಲಿಲ್ಲ. ಇದನ್ನು ನಾವು ಮಾತಾಡಿ ನಿರ್ಧರಿಸಿದ್ದಲ್ಲ. ಕೆಳಗೆ ಬಾಗಿಲಲ್ಲಿ ಪಾಳಿಯವರೆಲ್ಲ ಕಾಯುತ್ತಾ ನಿಂತರು. ಈ ಸಲ ಮೇಸ್ತ್ರಿಗೂ ಅವರನ್ನು ಒಳಗೆ ಬಿಡುವ ಧೈರ್ಯವಿರಲಿಲ್ಲ. ಮಿಟುಕಿಸಿ ಎಂದು ಕೂಗಿದ, ಬೇಡಿದ, ಸಂಬಳ ಹಿಡಿಯುತ್ತೇನೆಂದ. ಕಿವಿ ಮಂದವಾಗಿದ್ದು ಇಷ್ಟು ಉಪಯೋಗಕ್ಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ದಿನವೂ ಪಾಳಿಯ ಹೊತ್ತಿಗೆ ಬಂದು ಕೂರುತ್ತೇವೆ, ಮುಗಿಯುವಾಗ ಎದ್ದು ಹೋಗುತ್ತೇವೆ. ಹಜಾರ ಖಾಲಿ ಇದೆ. ನಾವಿಬ್ಬರೇ. ಜಗಲಿ ಬಿಟ್ಟು ಇಳಿದರೆ ಆ ಗಳಿಗೆಯಲ್ಲೇ ಬೇರೆಯವರನ್ನು ಹತ್ತಿಸುತ್ತಾರೆ.

ನಿಮ್ಮಮ್ಮನ ವಿಷಯ ನಿನ್ನ ಮಾವ ಮೊನ್ನೆ ಎತ್ತಿದ. ನಾನು ತಡೆದೆ. ಅವನು ಹೇಳಿದ್ದು ನಿಜ, ನಾನು ಪಕ್ಕದಲ್ಲೇ ಇದ್ದೆ, ನನಗೆ ಕಾಣಲಿಲ್ಲ. ಆ ದುಃಖ ನನಗೆ ಯಾವತ್ತೂ ಇದೆ. ಅದಕ್ಕೆ ಅವನೊಡನೆ ಮಾತು ಬಿಟ್ಟು ಏನು ಸಿಕ್ಕಿತು?

ಈ ಕಾಗದವನ್ನು ಜಗಲಿಯಲ್ಲೇ ಕೂತು, ಹಳೆಯ ಟಾರ್ಚಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಕಾಗದ ಬರೆಯಲು ಅದು ಬಹಳ ಚೆನ್ನಾಗಿದೆ. ಆ ಕಡೆ ಅವನು ಕೂತಿರಬೇಕು. ನನಗೆ ಕಾಣುತ್ತಿಲ್ಲ, ಅವನಿಗೆ ನಾನೂ ಕಾಣುತ್ತಿಲ್ಲ.

ನೀನು ಹೇಳಿದ ಹಾಗೆ ಟೀ ಕುಡಿಯುವುದನ್ನು ಮತ್ತೆ ಶುರು ಮಾಡಿದ್ದೇನೆ. ನಿನ್ನೆಯವರೆಗೆ ಸಿಹಿಯಾಗಿಯೇ ಇತ್ತು. ಇಂದು ಸ್ವಲ್ಪ ಉಪ್ಪಾಗಿದೆ. ಟಾರ್ಚು ಬೇಗ ಕಳಿಸು.

ನಿನ್ನ ಅಪ್ಪ